ಹಿಂದಿನ ಸೀಟು

"ಗುರುಗಳೇ, ನಮ್ಮ ಮನೆಯಲ್ಲಿ ಎಲ್ಲವೂ ನೇಮದಂತೆ ನಡೆಯುತ್ತದೆ. ನಾನು ಯಾವುದನ್ನೂ ಸಡಿಲ ಬಿಡುವವನಲ್ಲ. ಬೇಡ ಎಂದು ಯಾರೂ ಇದುವರೆಗೆ ಹೇಳಿಲ್ಲ. ಆದರೂ ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಯಾಕೆ?" ಎಂದು ನಿಜಗುಣ ಕೇಳಿದ.

ಅವನು ಆಗಾಗ ಊರಿನಿಂದ ಬಂದು ಹೋಗುವ ಸಂಸಾರಸ್ಥ ಶಿಷ್ಯ. ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು:

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಹೆಂಡತಿ ಶಿವಲೀಲಾ. ಬಹಳ ವರ್ಷ ಇಬ್ಬರೂ ಒಂದು ಸ್ಕೂಟರಿನಲ್ಲೇ ಓಡಾಡಿದರು. ಅವಳಿಗೆ ಮೊಣಕಾಲು ನೋವು ಶುರುವಾದಾಗ ವ್ಯಾಪಾರಿ ಒಂದು ಸೆಡಾನ್ ಕಾರು ಕೊಂಡ. ಹಿಂದಿನ ಸೀಟಿನಲ್ಲಿ ಅವಳು ಕಾಲು ಚಾಚಿ ಕೂರಲಿ ಎಂಬುದೇ ಅವನ ಆಸೆ.

ಭಾನುವಾರ ಬಂತೆಂದರೆ ಇಬ್ಬರೂ ಅವಳ ಅಕ್ಕನ ಊರಿಗೆ ಹೊರಡುತ್ತಿದ್ದರು. ವಾರವಿಡೀ ಕೂಡಿಟ್ಟ ಮಾತನ್ನೆಲ್ಲ ಅವಳು ದಾರಿಯಲ್ಲಿ ಬಿಚ್ಚುವಳು. ಮಾತಾಡುತ್ತ ಮಾತಾಡುತ್ತಲೇ ನಿದ್ದೆ ಹೋಗುವಳು. ಕನ್ನಡಿಯಲ್ಲಿ ಅವಳ ಮುಖ ನೋಡಿ ವ್ಯಾಪಾರಿ ನಿಧಾನವಾಗಿ ಓಡಿಸುವನು. ವಾರದಲ್ಲಿ ಅವನಿಗೆ ಅದಕ್ಕಿಂತ ಹಿತವಾದ ಹೊತ್ತು ಬೇರೆ ಇರಲಿಲ್ಲ.

ಒಂದು ಮದುವೆ ಮನೆಯ ಮುಂದೆ ಅಂಥದೇ ಕಾರು ನಿಂತಿದ್ದನ್ನು ಅವನು ಕಂಡ. ದೊಡ್ಡ ಗಾಲಿಗಳು, ಅವುಗಳ ಸುತ್ತ ತೆಳ್ಳಗಿನ ಟೈರು. ಕಾರು ನೆಲಕ್ಕೆ ತಗ್ಗಿ ಕೂತಿತ್ತು. ಜನ ಸುತ್ತ ನಿಂತು ನೋಡುತ್ತಿದ್ದರು. ತನ್ನ ಶಿವಲೀಲಾಳೂ ಇಂಥ ಕಾರಿನಿಂದ ಇಳಿಯಬೇಕು ಅನ್ನಿಸಿತು. ಆ ವಾರವೇ ಗಾಲಿ, ಟೈರು, ಸ್ಪ್ರಿಂಗು ಎಲ್ಲವನ್ನೂ ಬದಲಾಯಿಸಿದ.

"ತಿರುವಿನಲ್ಲಿ ಒಂದಿಷ್ಟೂ ವಾಲುವುದಿಲ್ಲ, ನೋಡಿದೆಯಾ?" ಎಂದು ಅವನು ಕೇಳಿದ.

"ಚೆನ್ನಾಗಿದೆ" ಎಂದಳು ಅವಳು.

ನಿಜಗುಣ, ಹೊಂಡದ ಪೆಟ್ಟನ್ನು ಮೊದಲು ತಾಳುವುದು ಟೈರಿನೊಳಗಿನ ಗಾಳಿ. ಉಳಿದದ್ದನ್ನು ಸ್ಪ್ರಿಂಗು ಕುಗ್ಗಿ ತಾಳುತ್ತದೆ. ಅದು ಕುಣಿಯುತ್ತಲೇ ಇರದಂತೆ ಶಾಕ್ ಅಬ್ಸಾರ್ಬರ್ ತಡೆಯುತ್ತದೆ. ಗಾಲಿ ಹಿಗ್ಗಿ ಟೈರು ತೆಳುವಾದರೆ ಗಾಳಿಗೆ ಜಾಗವಿಲ್ಲ. ಸ್ಪ್ರಿಂಗು ಗಿಡ್ಡವಾಗಿ ಬಿಗಿಯಾದರೆ ಅದು ಕುಗ್ಗುವುದಿಲ್ಲ. ಆಗ ಪೆಟ್ಟು ನೇರವಾಗಿ ಕೂತವರ ಬೆನ್ನಿಗೆ ಬರುತ್ತದೆ.

ಅಂದಿನಿಂದ ಹಿಂದಿನ ಸೀಟಿನ ಮಾತು ಕಡಿಮೆಯಾಯಿತು. ಅವಳು ಕಾಲು ಮಡಚಿ ಕೂರತೊಡಗಿದಳು. ಆಮೇಲೆ ಒಂದು ಭಾನುವಾರ ಉಪವಾಸ ಎಂದಳು. ಮತ್ತೊಂದು ಭಾನುವಾರ ಅಕ್ಕ ಊರಲ್ಲಿಲ್ಲ ಎಂದಳು. ವ್ಯಾಪಾರಿ ಒಳಗೊಳಗೇ ನೊಂದ. ಇಷ್ಟು ವರ್ಷದ ಮೇಲೆ ನನ್ನ ಜೊತೆ ಇವಳಿಗೆ ಬೇಸರ ಬಂತೇ ಎಂದುಕೊಂಡ. ಕೇಳಲು ಬಾಯಿ ಬರಲಿಲ್ಲ. ಕಾರನ್ನು ಇನ್ನಷ್ಟು ತಿಕ್ಕಿ ತೊಳೆದ.

ಹೀಗಿರುವಾಗ ಅವನು ಕಣ್ಣು ತೋರಿಸಿಕೊಳ್ಳಬೇಕಾಯಿತು. ಆಸ್ಪತ್ರೆ ಇದ್ದದ್ದು ಅಕ್ಕನ ಊರಿನಲ್ಲಿ. ಶಿವಲೀಲಾ ಜೊತೆಗೆ ಬಂದಳು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಎಲ್ಲವೂ ಮಂಜಾಯಿತು. ಮರಳುವಾಗ ಅವನ ಷಡ್ಡಕ ಕಾರು ಓಡಿಸಿದ. ವ್ಯಾಪಾರಿ ಮೊದಲ ಸಲ ಹಿಂದೆ, ಹೆಂಡತಿಯ ಪಕ್ಕ ಕೂತ.

ಊರು ದಾಟುವ ಮೊದಲೇ ಒಂದು ಹೊಂಡ ಬಂತು. ಸೊಂಟದಿಂದ ಹಲ್ಲಿನವರೆಗೆ ಪೆಟ್ಟು ಏರಿತು. ಓಡಿಸುವವನಿಗೆ ಹೊಂಡ ಮೊದಲೇ ಕಾಣುತ್ತದೆ, ಮೈ ತಾನಾಗಿ ಗಟ್ಟಿಯಾಗುತ್ತದೆ. ಹಿಂದೆ ಕೂತವನಿಗೆ ಅದು ಬಂದ ಮೇಲೆಯೇ ಗೊತ್ತು. ಅವನು ಸಾವರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂತು.

ಆಗ ಶಿವಲೀಲಾ ಅವನ ಬೆನ್ನಿನ ಹಿಂದೆ ತನ್ನ ಅಂಗೈ ಇಟ್ಟಳು. "ಈಗ ಸೇತುವೆ ಬರುತ್ತದೆ. ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ" ಎಂದಳು. ಸೇತುವೆ ಬಂತು. ಆಮೇಲೆ ರೈಲ್ವೆ ಗೇಟು ಎಂದಳು. ಅದೂ ಬಂತು. ಆ ದಾರಿಯ ಒಂದೊಂದು ಪೆಟ್ಟೂ ಅವಳ ಮೈಗೆ ಬಾಯಿಪಾಠವಾಗಿತ್ತು.

ವ್ಯಾಪಾರಿ ಮಂಜುಗಣ್ಣಿನಲ್ಲೇ ಅವಳ ಕಡೆ ತಿರುಗಿದ. "ನನಗೆ ಯಾಕೆ ಹೇಳಲಿಲ್ಲ, ಲೀಲಾ?"

"ನೀವು ಅಷ್ಟು ಖುಷಿಯಾಗಿದ್ದಿರಲ್ಲ" ಎಂದಳು ಅವಳು.

ಮನೆ ಸೇರುವವರೆಗೆ ಅವನು ಅವಳ ಕೈ ಬಿಡಲಿಲ್ಲ. ಮರುದಿನ ಅಂಗಡಿ ತೆರೆಯದೆ ಗ್ಯಾರೇಜಿಗೆ ಹೋದ. ಮೊದಲಿನ ಚಿಕ್ಕ ಗಾಲಿ, ದಪ್ಪ ಟೈರು, ಮೆತ್ತನೆಯ ಸ್ಪ್ರಿಂಗು ಮತ್ತೆ ಹಾಕಿಸಿದ. ಕಾರು ಮತ್ತೆ ಸಾದಾ ಆಯಿತು. ತಿರುವಿನಲ್ಲಿ ಸ್ವಲ್ಪ ವಾಲುತ್ತಿತ್ತು. ಅಲ್ಲಿ ಅವನು ವೇಗ ಇಳಿಸಿದ.

ಮುಂದಿನ ಭಾನುವಾರ ಶಿವಲೀಲಾ ಹಿಂದೆ ಕಾಲು ಚಾಚಿ ಕೂತಳು. ಅಷ್ಟೂ ವಾರಗಳ ಮಾತು ಅವಳಲ್ಲಿ ಬಾಕಿಯಿತ್ತು. ಪಕ್ಕದ ಮನೆಯ ಜಗಳದಿಂದ ಶುರುಮಾಡಿ, ಅದು ಮುಗಿಯುವ ಮೊದಲೇ ನಿದ್ದೆ ಹೋದಳು. ಅಕ್ಕನ ಮನೆ ಬಂತು. ಅಕ್ಕ ಬಾಗಿಲಲ್ಲೇ ನಿಂತು ಕೈ ಬೀಸಿದಳು. ವ್ಯಾಪಾರಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಕಾರು ನಿಲ್ಲಿಸದೆ ಊರನ್ನು ಇನ್ನೊಂದು ಸುತ್ತು ಹಾಕಲು ಹೊರಟ.

ಕತೆ ಮುಗಿಯಿತು. ನಿಜಗುಣನ ಮುಖದಲ್ಲಿ ನಗುವಿತ್ತು. "ಒಳ್ಳೆಯ ಮನುಷ್ಯ" ಎಂದ ಅವನು.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಮನೆಗೆ ಹೋದಾಗ ನಿನ್ನವರು ಏನನ್ನು ಹಿಡಿದುಕೊಂಡು ಕೂತಿದ್ದಾರೆ, ನೋಡು."