ಮುಚ್ಚಳ ಹಾಕಿ ತೆಗೆದ ಚಿತ್ರ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರುಗಳಿಗೆ ಮುಪ್ಪಿನಲ್ಲಿ ಕಣ್ಣು ಪೂರ್ತಿ ಹೋಗಿತ್ತು.

ಒಂದು ಸಂಜೆ ಹಳೆಯ ಶಿಷ್ಯ ನಾಗಭೂಷಣ ಬಂದ. ಹೂವು ಹಣ್ಣು ತರುವ ಬದಲು ಪುಣ್ಯಾತ್ಮ ಟೆಲಿಸ್ಕೋಪು, ಕ್ಯಾಮೆರಾ, ಲ್ಯಾಪ್‌ಟಾಪು ಹೊತ್ತು ತಂದಿದ್ದ. ಎಲ್ಲವೂ ಹೊಸದು.

"ಅಂಬುಜ ಹೋಗಿಬಿಟ್ಟಳು ಗುರುಗಳೇ," ಎಂದ. ಅಂಬುಜ ಅವನ ಹೆಂಡತಿ.

ಗುರುಗಳು ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಹಾಸಿಗೆ ಹಿಡಿದ ಮೇಲೆ ಅವಳಿಗೆ ಒಂದೇ ಆಸೆ. ಆಕಾಶದಲ್ಲಿ ಬರಿಗಣ್ಣಿಗೆ ಕಾಣದ ನೀಹಾರಿಕೆಯೊಂದಿದೆ. ಅದನ್ನು ನಾನೇ ಫೋಟೊ ತೆಗೆದು ತೋರಿಸಬೇಕು ಅಂತ. ಇದನ್ನೆಲ್ಲ ಕೊಂಡೆ. ಕಡೆಗೂ ತೋರಿಸಿದೆ. ಚಿತ್ರದ ಅಂಚಿನಲ್ಲಿ ನಸುಗೆಂಪು ಬೆಳಕು. ಈಗ ನನಗಿರುವ ಸಮಾಧಾನ ಅದೊಂದೇ."

"ಮತ್ತೆ ಇಲ್ಲಿಗೇಕೆ ಹೊತ್ತು ತಂದೆ?"

"ಇಲ್ಲಿ ಒಳ್ಳೆಯ ಕತ್ತಲೆಯಿದೆ. ಇನ್ನೂ ಸ್ಪಷ್ಟವಾಗಿ ತೆಗೆದು, ಅವಳ ಫೋಟೊದ ಪಕ್ಕ ಇಡಬೇಕು."

"ಹೇಗೆ ತೆಗೆಯುತ್ತಾರಪ್ಪಾ?"

"ಒಂದೇ ಜಾಗವನ್ನು ಮತ್ತೆ ಮತ್ತೆ ತೆಗೆದು, ಒಂದರ ಮೇಲೊಂದು ಸೇರಿಸಬೇಕು. ಕ್ಯಾಮೆರಾ ಬಿಸಿಯಾದರೆ ಇಲ್ಲದ ಬೆಳಕೂ ಮೂಡುತ್ತದೆ. ಅದಕ್ಕೇ ಮುಚ್ಚಳ ಹಾಕಿ ಬರೀ ಕತ್ತಲೆಯನ್ನೂ ತೆಗೆಯಬೇಕು. ಅದನ್ನು ಆಕಾಶದ ಚಿತ್ರದಿಂದ ಕಳೆದರೆ ಉಳಿಯುವುದೇ ನಿಜವಾದ ಬೆಳಕು."

"ಅವಳಿಗಾಗಿ ತೆಗೆದಾಗ ಮುಚ್ಚಳ ಹಾಕಿದ್ದೆಯಾ?"

"ಎಲ್ಲಿಯ ಪುರಸೊತ್ತು ಗುರುಗಳೇ? ಅವಳಿಗೆ ಆಗಲೇ ಮೇಲುಸಿರು ಬಂದಿತ್ತು."

ಕತ್ತಲಾಯಿತು. ನಾಗಭೂಷಣ ಹೊಳೆಯ ಮರಳಿನ ಮೇಲೆ ಎಲ್ಲವನ್ನೂ ಜೋಡಿಸಿ ನಿಲ್ಲಿಸಿದ. ಗುರುಗಳು ತಡವಿಕೊಂಡು ಬಂದು ಟೆಲಿಸ್ಕೋಪಿಗೆ ತಾವೇ ಮುಚ್ಚಳ ಹಾಕಿದರು.

"ಮೊದಲು ಈ ಕತ್ತಲೆಯ ಚಿತ್ರ ತೆಗೆ."

ಅವನು ತೆಗೆದ. ಲ್ಯಾಪ್‌ಟಾಪಿನ ತೆರೆಯ ಮೇಲೆ ಚಿತ್ರ ಮೂಡಿತು. ಅದೇ ಅಂಚು, ಅದೇ ನಸುಗೆಂಪು ಬೆಳಕು.

ನಾಗಭೂಷಣ ಮರಳಿನ ಮೇಲೆ ಕುಸಿದು ಕುಳಿತ.

"ಅದು ಆಕಾಶದ್ದಲ್ಲ ಗುರುಗಳೇ. ಕ್ಯಾಮೆರಾದ್ದೇ ಬಿಸಿ. ಸಾಯುವವಳಿಗೆ ಸುಳ್ಳು ತೋರಿಸಿ ಕಳಿಸಿಬಿಟ್ಟೆ."

ಗಂಡಸು ಹಾಗೆ ಬಿಕ್ಕಿ ಬಿಕ್ಕಿ ಅತ್ತದ್ದನ್ನು ಆಶ್ರಮ ಅದುವರೆಗೆ ಕೇಳಿರಲಿಲ್ಲ. ಗುರುಗಳು ತಡೆಯಲಿಲ್ಲ. ಅಳು ಇಳಿದ ಮೇಲೆ ಕೇಳಿದರು.

"ಅದನ್ನು ನೋಡಿ ಅವಳೇನಂದಳು?"

"ಚೆನ್ನಾಗಿದೆ ರೀ, ಇನ್ನಾದರೂ ಊಟ ಮಾಡಿ, ಮುಖ ಬಾಡಿಹೋಗಿದೆ ಅಂದಳು."

ಗುರುಗಳು ಟೆಲಿಸ್ಕೋಪನ್ನು ತಡವಿ ಹುಡುಕಿದರು. ಆಮೇಲೆ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟರು.

"ಏಳು. ಕೆಲಸ ಮುಗಿಸು."

ರಾತ್ರಿಯೆಲ್ಲ ಅವನು ಆಕಾಶವನ್ನು ತೆಗೆದ, ಕತ್ತಲೆಯನ್ನೂ ತೆಗೆದ. ಸೇರಿಸುವುದನ್ನು ಸೇರಿಸಿ, ಕಳೆಯುವುದನ್ನು ಕಳೆದ. ನಸುಗೆಂಪು ಅಳಿಸಿಹೋಯಿತು. ಬೆಳಗಿನ ಜಾವ ಚಿತ್ರದ ನಡುವೆ ತೆಳ್ಳಗೆ, ವಿಭೂತಿ ಒರೆಸಿದಂತೆ ಏನೋ ಕಾಣಿಸಿತು.

"ಬಂತು ಗುರುಗಳೇ!" ಎಂದ. ಮರುಕ್ಷಣವೇ ಲ್ಯಾಪ್‌ಟಾಪಿನಿಂದ ಮುಖ ತಿರುಗಿಸಿದ. "ಬಂದು ಏನು ಪ್ರಯೋಜನ? ಇದನ್ನು ನೋಡಬೇಕಾದವಳೇ ಇಲ್ಲ. ಯಾರಿಗೆ ತೋರಿಸಲಿ?"

ಗುರುಗಳು ಪಕ್ಕದ ಮರಳನ್ನು ಕೈಯಿಂದ ಸವರಿ ಜಾಗ ಮಾಡಿದರು.

"ಬಾ, ನನಗೆ ತೋರಿಸು. ನನಗೂ ಕಾಣುವುದಿಲ್ಲ."