ಕೆಮ್ಮಣ್ಣಿನಲ್ಲಿ ಬರೆದ ಕಾರಣ

ಹೊಳೆಯ ನಡುಗಡ್ಡೆಯಲ್ಲಿ ಒಂದು ಮಠ. ಅಲ್ಲಿ ಅಡವಯ್ಯ ಎಂಬ ಗುರುಗಳು. ಹನ್ನೆರಡು ವರ್ಷದಿಂದ ಅವರ ಜೊತೆಗಿದ್ದ ಶಿಷ್ಯ ಭರಮಪ್ಪ, ಕಲ್ಲಿನ ಮೇಲೆ ಅಕ್ಷರ ಕೆತ್ತುವವನು.

ಸುತ್ತಲಿನ ಜನ ಗುರುಗಳನ್ನು ಅಜ್ಜಾರ ಎಂದು ಕರೆಯುತ್ತಿದ್ದರು. ಮೂಡಣ ದಂಡೆಯವರು ಸೋಮವಾರ ಬಂದು ಕರೆಯುತ್ತಿದ್ದರು, ಪಡುವಣ ದಂಡೆಯವರು ಗುರುವಾರ. ಒಬ್ಬರ ಮುಖ ಇನ್ನೊಬ್ಬರು ನೋಡಬಾರದೆಂದು ಎರಡೂ ಕಡೆಯ ಹಿರಿಯರು ಮಾಡಿದ ಕಟ್ಟಳೆ ಅದು. ಮುರಿದವರನ್ನು ಊರ ಹೊರಗಿಡುತ್ತಿದ್ದರು.

ಐವತ್ತು ವರ್ಷದ ಹಿಂದೆ ಈ ಎರಡು ದಂಡೆಗಳ ನಡುವೆ ಭಾರಿ ಯುದ್ಧ ನಡೆದಿತ್ತು. ಏಳು ವರ್ಷ ನಡೆಯಿತು. ಇಬ್ಬರು ಅರಸರೂ ಸತ್ತರು, ಎರಡೂ ಕೋಟೆ ಬಿದ್ದವು, ಎರಡೂ ರಾಜ್ಯ ಯುದ್ಧಕ್ಕೇ ಬಾರದ ಮೂರನೆಯವನ ಪಾಲಾದವು. ಜನರ ಕೈಗೆ ಉಳಿದದ್ದು ಸಿಟ್ಟೊಂದೇ. ಅದನ್ನು ಮಾತ್ರ ಅವರು ಹೊಟ್ಟೆಯ ಮಗುವಿನಂತೆ ಸಾಕಿದರು.

ಭರಮಪ್ಪ ಮೂಡಣದವನು. ಆದರೆ ಅವನ ಅಜ್ಜಿ ಸಾತವ್ವನ ತವರು ಪಡುವಣ. ಅವಳು ಮದುವೆಯಾಗಿ ಈ ಕಡೆ ಬಂದ ಮರುವರ್ಷವೇ ಯುದ್ಧ ಶುರುವಾಯಿತು. ಅಂದಿನಿಂದ ತಂಗಿ ಬಾಳವ್ವನ ಮುಖ ಅವಳು ನೋಡಿಲ್ಲ.

ನೋಡದಿದ್ದರೇನು, ಜಗಳ ನಿಂತಿರಲಿಲ್ಲ. ಸೋಮವಾರ ಸಾತವ್ವ ಮಠದ ಗೂಡಿನಲ್ಲಿ ಉಪ್ಪಿನಕಾಯಿಯ ಭರಣಿ ಇಟ್ಟು ಹೋಗುವಳು. ಗುರುವಾರ ಬಾಳವ್ವ ಅದನ್ನು ಒಯ್ದು, ಮುಂದಿನ ವಾರ ಅಗಸಿ ಚಟ್ನಿ ತುಂಬಿ ತಂದಿಡುವಳು. ಉಪ್ಪು ಸುರಿದಿದ್ದಾಳೆಂದು ತಂಗಿ, ಖಾರ ಹಾಕಲು ಜೀವ ಬರಲಿಲ್ಲವೇ ಎಂದು ಅಕ್ಕ. ಗುರುಗಳು ಬೈಗುಳಗಳನ್ನೆಲ್ಲ ಚಾಚೂ ತಪ್ಪದೆ ತಲುಪಿಸುತ್ತಿದ್ದರು.

ಈ ಬೇಸಿಗೆಯಲ್ಲಿ ಬಾಳವ್ವ ಬರಲಿಲ್ಲ. ಮೊಣಕಾಲು ಹಿಡಿದುಕೊಂಡಿವೆ, ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಸುದ್ದಿ ಬಂತು.

ಸಾತವ್ವ ಮೊಮ್ಮಗನನ್ನು ಕೂರಿಸಿಕೊಂಡು ಹೇಳಿದಳು: "ಅಕಿ ಕಣ್ಣು ಮುಚ್ಚೂದರಾಗ ಒಮ್ಮೆ ನೋಡಬೇಕು. ನಾನು ಮುಚ್ಚೂದೇನೂ ಅವಸರಿಲ್ಲ, ಅಕೀನ್ನ ನೋಡಿ ಮುಚ್ಚತೀನಿ."

ಅದೇ ಬೇಸಿಗೆಯಲ್ಲಿ ಎರಡೂ ದಂಡೆಯ ಗೌಡರು ಈ ದಂಡೆಯಿಂದ ಆ ದಂಡೆಗೆ ಮತ್ತೆ ದೋಣಿ ಬಿಡಲು ಅರೆಮನಸ್ಸಿನಿಂದ ಒಪ್ಪಿದ್ದರು. ಒಂದು ಷರತ್ತು ಹಾಕಿದ್ದರು. ಯುದ್ಧ ಯಾಕೆ ಆಯಿತೆಂಬುದನ್ನು ಮಠದ ಅಂಗಳದ ಕಲ್ಲಿನ ಮೇಲೆ ಕೆತ್ತಬೇಕು, ಅದನ್ನು ಎರಡೂ ದಂಡೆಯವರು ಒಪ್ಪಬೇಕು. ಒಪ್ಪಿದ ದಿನ ದೋಣಿ.

ಆ ಸೀಮೆಯಲ್ಲಿ ಕಲ್ಲು ಬರೆಸಲು ಒಂದು ಪದ್ಧತಿಯಿತ್ತು. ಬರಹವನ್ನು ಮೊದಲು ಕೆಮ್ಮಣ್ಣಿನಲ್ಲಿ ಬರೆದು ಎಂಟು ದಿನ ಬಿಡಬೇಕು. ಪಕ್ಕದಲ್ಲೇ ಒಂದು ಗಡಿಗೆ ನೀರು. ಬರೆದದ್ದು ಸುಳ್ಳೆನಿಸಿದವರು ಕೈ ಅದ್ದಿ ಒರೆಸಬಹುದು. ಉಳಿ ಮುಟ್ಟುವ ತನಕ ಆ ಹಕ್ಕು ಎಲ್ಲರದು.

ಬರೆಯುವ ಕೆಲಸ ಭರಮಪ್ಪನ ಪಾಲಿಗೆ ಬಂತು. ಅವನಿಗೆ ಹೆಮ್ಮೆಯೋ ಹೆಮ್ಮೆ. ವಾರಗಟ್ಟಲೆ ಹಳೆಯ ಓಲೆ ಹುಡುಕಿದ, ಮುದುಕರನ್ನು ಮಾತಾಡಿಸಿದ.

ಮೊದಲ ಸಲ ಬರೆದ: ಪಡುವಣದವರು ಮೂಡಣದ ದನ ಹೊಡೆದುಕೊಂಡು ಹೋದದ್ದೇ ಕಾರಣ.

ಅದು ಗುರುವಾರದ ತನಕ ಬಾಳಿತು.

ಎರಡನೇ ಸಲ ಬರೆದ: ಮೂಡಣದ ಅರಸ ಊಟದ ಪಂಕ್ತಿಯಲ್ಲಿ ಪಡುವಣದ ಅರಸನ ಎಲೆಗೆ ತುಪ್ಪ ಬಡಿಸದೆ ದಾಟಿ ಹೋದದ್ದೇ ಕಾರಣ.

ಅದನ್ನು ಸೋಮವಾರದವರು ಉಜ್ಜಿ ಉಜ್ಜಿ ತೊಳೆದರು.

ಮೂರನೇ ಸಲ ಜಾಣತನ ಮಾಡಿ ಎರಡು ಸಾಲು ಬರೆದ. ಮೂಡಣದವರು ದುರಾಸೆಪಟ್ಟರು ಎಂದು ಒಂದು, ಪಡುವಣದವರು ಹಠ ಹಿಡಿದರು ಎಂದು ಇನ್ನೊಂದು. ಸೋಮವಾರ ಬಂದವರು ಮೊದಲ ಸಾಲು ಒರೆಸಿ, ಎರಡನೆಯದರ ಅಕ್ಷರ ಬಹಳ ಚೆನ್ನಾಗಿದೆ ಎಂದು ಹೊಗಳಿ ಹೋದರು. ಗುರುವಾರದವರು ಉಳಿದದ್ದನ್ನು ಒರೆಸಿದರು.

ಗುರುಗಳು ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ನೋಡಿ ನಗುತ್ತಿದ್ದರು. ಐವತ್ತು ವರ್ಷದಲ್ಲಿ ಈ ಕಲ್ಲು ಇಷ್ಟು ಚೊಕ್ಕಟವಾಗಿ ಎಂದೂ ಇರಲಿಲ್ಲ ಎಂದರು.

ಭರಮಪ್ಪನಿಗೆ ನಗು ಬರಲಿಲ್ಲ. ಮುಂಗಾರಿನ ಮಿರಗದ ಮಳೆ ಹತ್ತಿರವಾಗಿತ್ತು. ಹೊಳೆ ತುಂಬಿತೆಂದರೆ ನಾಲ್ಕು ತಿಂಗಳು ದೋಣಿಯ ಮಾತಿಲ್ಲ. ಬಾಳವ್ವ ಅಷ್ಟು ದಿನ ಇರುತ್ತಾಳೆಂದು ಯಾರೂ ಹೇಳುವಂತಿರಲಿಲ್ಲ.

ನಾಲ್ಕನೇ ಸಲ ಅವನು ಬರೆದ: ಅದು ವಿಧಿಯ ಆಟ. ಅದರಲ್ಲಿ ಯಾರ ತಪ್ಪೂ ಇಲ್ಲ.

ಸೋಮವಾರದವರು ಓದಿ ತಲೆಯಾಡಿಸಿದರು. ಗುರುವಾರದವರೂ ತಲೆಯಾಡಿಸಿದರು. ಗಡಿಗೆಯ ನೀರಿಗೆ ಯಾರೂ ಕೈ ಹಾಕಲಿಲ್ಲ. ಎಂಟು ದಿನ ತುಂಬಿದವು.

ಒಂಬತ್ತನೇ ದಿನ ಬೆಳಿಗ್ಗೆ ಭರಮಪ್ಪ ಉಳಿ ಸುತ್ತಿಗೆ ಹಿಡಿದು ಕಲ್ಲಿನ ಮುಂದೆ ಕುಳಿತ. ಅಜ್ಜಿಗೆ ಸೀರೆ ಉಟ್ಟು ತಯಾರಿರಲು ಹೇಳಿ ಬಂದಿದ್ದ. ಗುರುಗಳು ಸ್ನಾನ ಮುಗಿಸಿ ಹೊಳೆಯಿಂದ ಮೇಲೆ ಬಂದರು. ಕಲ್ಲಿನ ಹತ್ತಿರ ನಿಂತು ಒಮ್ಮೆ ಓದಿದರು. ಹೆಗಲ ಮೇಲಿನ ಒದ್ದೆ ಬಟ್ಟೆ ತೆಗೆದು ಒಂದಕ್ಷರ ಉಳಿಯದಂತೆ ಒರೆಸಿಬಿಟ್ಟರು.

ಭರಮಪ್ಪ ಉಳಿ ಕೆಳಗಿಟ್ಟು ಎದ್ದ.

"ಅಜ್ಜಾರ, ಎರಡೂ ದಂಡಿ ಒಪ್ಪಿದ್ದವು."

"ಒಪ್ಪಿದ್ದವು."

"ಮತ್ತ ಯಾಕ ಒರೆಸಿದ್ರಿ?"

"ಯಾರೂ ಮಾಡದ ಯುದ್ಧ ಮತ್ತೊಮ್ಮೆ ಬಂದರ, ಯಾರು ತಡೀಬೇಕಪ್ಪ ಅದನ್ನ?"

ಭರಮಪ್ಪನಿಗೆ ಆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅವನಿಗೆ ಕೆಂಡದಂಥ ಕೋಪ ಬಂದಿತ್ತು. ಹನ್ನೆರಡು ವರ್ಷದಲ್ಲಿ ಗುರುಗಳಿಗೆ ಎದುರಾಡಿದವನಲ್ಲ, ಅಂದು ಆಡಿದ.

"ನಮ್ಮಜ್ಜಿ ಇವತ್ತ ದೋಣಿ ಹತ್ತಾಕಿ ಇದ್ಲು. ನೀವು ನಾ ಬರೆದದ್ದನ್ನ ಒರೆಸಲಿಲ್ಲ, ಆ ದೋಣೀನ ಒರೆಸಿದ್ರಿ."

ಗುರುಗಳು ಬಟ್ಟೆ ಹಿಂಡಿ ಹಗ್ಗಕ್ಕೆ ಒಣಹಾಕಿದರು. ಭರಮಪ್ಪ ಉಳಿ ಸುತ್ತಿಗೆ ಚೀಲಕ್ಕೆ ತುಂಬಿಕೊಂಡು, ಹರಿಗೋಲು ಹತ್ತಿ ಮನೆಗೆ ಹೊರಟುಹೋದ.

ಮನೆಯಲ್ಲಿ ಸಾತವ್ವ ಹೊಸ ಸೀರೆ ಉಟ್ಟು ಬಾಗಿಲಲ್ಲೇ ಕುಳಿತಿದ್ದಳು. ಮೊಮ್ಮಗ ನಡೆದದ್ದೆಲ್ಲ ಹೇಳಿದ, ಗುರುಗಳನ್ನು ಬಾಯಿಗೆ ಬಂದಂತೆ ಬೈದ. ಅಜ್ಜಿಯೂ ಬೈಯುತ್ತಾಳೆಂದು ಕಾದ. ಅವಳು ಗುರುಗಳು ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಬಳೆಯಿಲ್ಲದ ತನ್ನ ಕೈಗಳನ್ನೇ ನೋಡುತ್ತ ಕುಳಿತಳು.

ಸೋಮವಾರ ತನ್ನನ್ನು ಮಠಕ್ಕೆ ಕರೆದುಕೊಂಡು ಹೋಗಬೇಕು, ಕೆಮ್ಮಣ್ಣು ಮರೆಯಬಾರದು ಎಂದಷ್ಟೇ ಹೇಳಿದಳು.

ಸೋಮವಾರ ಮೂಡಣದವರೆಲ್ಲ ಅಂಗಳದಲ್ಲಿ ಸೇರಿದ್ದರು. ಸಾತವ್ವ ಕೋಲೂರಿಕೊಂಡು ಬಂದು ಕಲ್ಲಿನ ಮುಂದೆ ನಿಂತಳು. ಅವಳಿಗೆ ಅಕ್ಷರ ಬಾರದು.

"ಬರಿ," ಎಂದಳು ಮೊಮ್ಮಗನಿಗೆ. "ಸಾತವ್ವ ಅಂತ ಬರಿ. ಪಡುವಣದ ಮಗಳು, ಮೂಡಣದ ಸೊಸಿ."

ಅವನು ಬರೆದ.

"ನನ್ನ ಗಂಡ ಯುದ್ಧಕ್ಕ ಹೋಗಾಂವ ಇರಲಿಲ್ಲ. ನಿನ್ನ ತವರಿನವರ ಮ್ಯಾಲೆ ಹ್ಯಾಂಗ ಕೈ ಎತ್ತಲಿ ಅಂದ. ಓಣಿ ಹೆಂಗಸರು ನಗತಿದ್ರು, ನನಗ ತಡಕೊಳ್ಳಾಕ ಆಗಲಿಲ್ಲ. ಕೈಯಾಗಿನ ಬಳಿ ಬಿಚ್ಚಿ ಅವನ ಮುಂದ ಇಟ್ಟೆ. ಇವನ್ನ ತೊಟಗೊಂಡು ಒಲಿ ಮುಂದ ಕೂಡು ಅಂದೆ. ಅಂವ ಎದ್ದು ಹೋದ."

ಭರಮಪ್ಪ ಅಷ್ಟನ್ನೂ ಬರೆದ.

"ಏಳು ವರ್ಷಕ್ಕ ತಿರುಗಿ ಬಂದ. ಬಂದ ಮ್ಯಾಲೆ ಸಾಯೂ ತನಕ ಒಂದು ದಿನಾನೂ ನಗಲಿಲ್ಲ."

"ಅದನ್ನೂ ಬರೀಲೇನಜ್ಜಿ?"

"ಬ್ಯಾಡ. ಅದು ನಂದು."

ಭರಮಪ್ಪನಿಗೆ ಅಳು ಬಂತು. ಯುದ್ಧದ ಕಾರಣ ಹುಡುಕುತ್ತ ಊರೂರು ಅಲೆದವನು ತನ್ನ ಮನೆಯ ಅಜ್ಜಿಯನ್ನೇ ಕೇಳಿರಲಿಲ್ಲ.

ಯಾರೋ ಅಭ್ಯಾಸಬಲದಿಂದ ಗಡಿಗೆಗೆ ಕೈ ಅದ್ದಿದರು. ಸುಳ್ಳಿದ್ದರೆ ಒರೆಸಪ್ಪ ಎಂದಳು ಸಾತವ್ವ. ಅವರು ಕೈ ಝಾಡಿಸಿ ಹಿಂದೆ ಸರಿದರು.

ಗುರುವಾರ ಪಡುವಣದವರು ಸಿದ್ಧವಾಗಿಯೇ ಬಂದರು. ಮೂಡಣದ ಮುದುಕಿ ಏನೋ ಬರೆಸಿದ್ದಾಳೆಂಬ ಸುದ್ದಿ ಮುಟ್ಟಿತ್ತು. ಮುಂದೆ ನಿಂತವನು ದುಂಡಪ್ಪ, ಎಪ್ಪತ್ತೈದು ದಾಟಿದ ಮುದುಕ. ಒರೆಸುವುದರಲ್ಲಿ ಅವನದೇ ಮೊದಲ ಕೈ. ಮೊಣಕೈ ತನಕ ಗಡಿಗೆಯಲ್ಲಿ ಅದ್ದಿಕೊಂಡೇ ಓದಲು ನಿಂತ.

ಓದಿ ಮುಗಿಸಿ, ಕಲ್ಲಿನ ಹಿಂದೆ ಹೋಗಿ ನೋಡಿ ಬಂದ.

"ಅಜ್ಜಾರ, ಇದರಾಗ ನಮಗ ಬೈದದ್ದು ಎಲ್ಲಿ ಐತಿ?"

"ಎಲ್ಲೂ ಇಲ್ಲ," ಎಂದರು ಗುರುಗಳು.

ದುಂಡಪ್ಪನ ಕೈಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಕೊನೆಗೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಕೆಮ್ಮಣ್ಣು ಕೇಳಿದ.

ಯುದ್ಧ ಶುರುವಾಗುವ ಮೊದಲು ಗಡಿಯಲ್ಲಿ ಒಂದು ಬಡಿದಾಟವಾಗಿ ಪಡುವಣದ ಮೂವರು ಸತ್ತಿದ್ದರು. ಊರಿಗೆ ಡಂಗುರ ಸಾರಿದವನು ದುಂಡಪ್ಪ. ಮೂವರೆಂದರೆ ಯಾರು ಕೇಳುತ್ತಾರೆಂದು ನೂರು ಮಂದಿ ಎಂದು ಸಾರಿದ್ದ. ಅದನ್ನು ಬರೆಸಿ, ಹೇಳಲು ಚೆನ್ನಾಗಿತ್ತು ಎಂದೂ ಸೇರಿಸಿದ.

ಆಮೇಲೆ ಕಲ್ಲಿನ ಹತ್ತಿರ ಜಾಗ ಸಿಗುವುದೇ ಕಷ್ಟವಾಯಿತು. ತೊಂಬತ್ತು ವರ್ಷದ ಜೋಯಿಸರು ಡೋಲಿಯಲ್ಲಿ ಬಂದು, ಪಂಚಾಂಗ ತೆರೆಯದೆಯೇ ದಂಡು ಹೊರಡಲು ಒಳ್ಳೆಯ ಮುಹೂರ್ತ ಇದೆ ಎಂದಿದ್ದನ್ನು ಬರೆಸಿದರು. ಅಂದು ತುಂಬ ಹಸಿವಾಗಿತ್ತಂತೆ, ಅರಮನೆಯಲ್ಲಿ ಹೋಳಿಗೆಯ ವಾಸನೆ ಬರುತ್ತಿತ್ತಂತೆ. ಒಬ್ಬ ಮುದುಕಿ, ಶತ್ರುಗಳಿಗೆ ಬಾಲ ಇದೆ ಎಂದು ಮಕ್ಕಳಿಗೆ ಹೇಳಿ ಹಾಲು ಕುಡಿಸಿದ್ದನ್ನು ಬರೆಸಿದಳು.

ಮೂಡಣದ ಸತ್ಯಪ್ಪನಿಗೆ ಇಪ್ಪತ್ತೆಂಟು. ಯುದ್ಧದ ಕಾಲಕ್ಕೆ ಅವನಿನ್ನೂ ಹುಟ್ಟಿರಲಿಲ್ಲ. ನಾನೇನು ಬರೆಯಲಿ ಎಂದು ಗುರುಗಳನ್ನು ಕೇಳಿದ. ಹುಟ್ಟಿದ ಮೇಲೆ ಏನು ಮಾಡಿದೆಯೋ ಅದನ್ನು ಬರೆ ಎಂದರು. ಅವನು ನಾಚಿಕೊಂಡು ಬರೆದ: ಹೋದ ತಿಂಗಳು ನಮ್ಮ ಮೇಲಿನ ಸಾಲು ಒರೆಸಿ, ಅವರ ಮೇಲಿನ ಸಾಲು ಬಿಟ್ಟು, ಅಕ್ಷರ ಚೆನ್ನಾಗಿದೆ ಎಂದೆ.

ಬಾಳವ್ವನ ಮಗ ತಾಯಿಯ ಮಾತು ಹೊತ್ತು ತಂದ. ಯುದ್ಧದ ಎರಡನೇ ವರ್ಷ ಅಕ್ಕ ಕದ್ದು ಹೊಳೆ ದಾಟಿ ಬಂದು ಬಾಗಿಲು ಬಡಿದಿದ್ದಳು. ಬಾಳವ್ವ ಒಳಗಿದ್ದಳು, ದನಿ ಗುರುತು ಹಿಡಿದಳು, ತೆರೆಯಲಿಲ್ಲ.

ಅದನ್ನು ಬರೆಯುತ್ತ ಭರಮಪ್ಪ ಕೈ ನಿಲ್ಲಿಸಿದ. ಇದು ಯುದ್ಧ ಶುರುವಾದ ಮೇಲಿನ ಮಾತು, ಇದು ಕಾರಣ ಹೇಗಾಗುತ್ತದೆ ಎಂದು ಕೇಳಿದ.

"ಯುದ್ಧ ಮುಗಿದು ಐವತ್ತು ವರ್ಷ ಆತು," ಎಂದರು ಗುರುಗಳು. "ಇನ್ನೂ ನೀವು ಸೋಮವಾರ ಬರತೀರಿ, ಅವರು ಗುರುವಾರ ಬರತಾರ. ಅದಕ್ಕೂ ಒಂದು ಕಾರಣ ಬೇಕಲ್ಲ?"

ಎಂಟನೇ ದಿನ ಕಲ್ಲಿನ ಮುಂದೆ, ಹಿಂದೆ, ಪಕ್ಕಗಳಲ್ಲಿ ಬೆರಳಿಡಲು ಜಾಗವಿರಲಿಲ್ಲ. ಗಡಿಗೆಯ ನೀರಿನಲ್ಲಿ ಎಲೆ ಬಿದ್ದು ತೇಲುತ್ತಿತ್ತು. ಬರೆಸಲು ಬಂದವರು ಹೊಳೆಯ ತನಕ ಸಾಲುಗಟ್ಟಿದ್ದರು. ಅದು ಯಾವ ವಾರ, ಯಾವ ದಂಡೆಯ ಸರದಿ ಎಂದು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ಪಡುವಣದವನೊಬ್ಬ ಮೂಡಣದವನೊಬ್ಬನಿಗೆ ಎಲೆ ಅಡಿಕೆ ಕೊಡುತ್ತಿದ್ದ.

ಮೋಡ ಕವಿದಿತ್ತು. ಹೊಳೆಯ ನೀರು ಆಗಲೇ ಕೆಂಪಗಾಗಿತ್ತು. ಸಾತವ್ವ ಅದೇ ಹೊಸ ಸೀರೆ ಉಟ್ಟು ಕಟ್ಟೆಯ ಮೇಲೆ ಕುಳಿತು, ಪಡುವಣದ ಕಡೆಯೇ ನೋಡುತ್ತಿದ್ದಳು.

ಇಬ್ಬರು ಗೌಡರೂ ಬಂದರು. ಕಲ್ಲಿನ ಸುತ್ತ ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ ಸುತ್ತುತ್ತ ಓದಿದರು. ನಡುವೆ ಎದುರಾದಾಗ ದಾರಿ ಬಿಟ್ಟುಕೊಂಡರು. ಇದರಲ್ಲಿ ತಪ್ಪು ಯಾರದು ಎಂದು ಕೇಳಲು ಇಬ್ಬರಿಗೂ ಬಾಯಿ ಬರಲಿಲ್ಲ, ತಪ್ಪು ಬರೆಸಿದವರ ನಡುವೆ ಇಬ್ಬರ ತಂದೆಯರ ಹೆಸರೂ ಇತ್ತು.

ಭರಮಪ್ಪ ಉಳಿ ಹಿಡಿದು ನಿಂತಿದ್ದ. ಇಷ್ಟನ್ನೂ ಕೆತ್ತುವುದು ಹೇಗೆ, ಕೆತ್ತದಿದ್ದರೆ ಷರತ್ತು ತೀರುವುದು ಹೇಗೆ? ಮಳೆ ಬರುವುದರೊಳಗೆ ಮುಗಿಯುವ ಕೆಲಸವಲ್ಲ ಇದು.

ಮೂಡಣದ ಗೌಡರು ಸಾಲುಗಟ್ಟಿ ನಿಂತ ಜನರನ್ನು ನೋಡಿದರು, ಕಲ್ಲನ್ನು ನೋಡಿದರು.

"ಅಜ್ಜಾರ, ಈ ಕಲ್ಲು ಸಾಲೂದಿಲ್ಲ," ಎಂದರು.

ಪಡುವಣದ ಗೌಡರೂ ತಲೆಯಾಡಿಸಿದರು. "ಖರೆ. ಈ ಕಲ್ಲು ಸಾಲೂದಿಲ್ಲ."

ಗುರುಗಳು ಕಟ್ಟೆಯಿಂದ ಎದ್ದರು. ಅವರ ಮುಖದ ತುಂಬ ನಗು.

"ಎರಡೂ ದಂಡಿ ಒಪ್ಪಿದ ಮಾತು ಸಿಕ್ಕಿತು. ಅಷ್ಟನ್ನ ಕೆತ್ತು, ಭರಮಪ್ಪ."

ಭರಮಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ದಡಬಡ ಕುಳಿತು ಉಳಿಯನ್ನು ಕಲ್ಲಿಗೆ ಒತ್ತಿ ಸುತ್ತಿಗೆ ಎತ್ತಿದ. ಎತ್ತಿದ ಕೈಯನ್ನು ಗುರುಗಳು ಹಿಡಿದುಕೊಂಡರು.

"ಮೊದಲು ನಿಮ್ಮಜ್ಜೀನ್ನ ದಾಟಿಸಿ ಬಾ. ಕಲ್ಲಿಗೆ ಅವಸರಿಲ್ಲ."