ತೂಬಿನ ಕಲ್ಲಿನ ಮೇಲಿನ ಮಾತು

ಯಾವ ಕಾಡು, ಎಲ್ಲಿಯ ಕಾಡು ಅಂತ ಮೊದಲೇ ಕೇಳಬೇಡಿ ಮಕ್ಕಳೇ, ಕಥೆ ಹಳಸಿಹೋಗುತ್ತೆ. ಒಂದು ಕಾಡು, ಅದರ ನಡುವೆ ಯಾರೋ ಹಿರಿಯರು ಕಟ್ಟಿಸಿದ ಒಂದು ಹಳೇ ಕೆರೆ. ಕೆರೆಯ ಅಂಚಿಗೆ ದಟ್ಟವಾಗಿ ಜೊಂಡು ಬೆಳೆದಿತ್ತು. ಆ ಜೊಂಡಿನೊಳಗೆ ಸಿಂಗಾರಿ ಎಂಬ ನೀರುಕೋಳಿ ತನ್ನ ಮರಿಗಳ ಜೊತೆ ಇದ್ದಳು. ಅವಳು ಹುಟ್ಟಿದ್ದೂ ಅಲ್ಲೇ, ಬೆಳೆದದ್ದೂ ಅಲ್ಲೇ.

ಪ್ರತಿ ಚಳಿಗಾಲ ಹಿಮದ ಬೆಟ್ಟಗಳ ಆಚೆಯಿಂದ ಆ ಕೆರೆಗೆ ಹೆಬ್ಬಾತುಗಳು ಬರುತ್ತಿದ್ದವು. ಅವುಗಳ ಮಾತೇ ಬೇರೆ. ಸಿಂಗಾರಿ ಚಿಕ್ಕವಳಿದ್ದಾಗ ಅವಳ ಅಮ್ಮನಿಗೆ ಆ ಮಾತು ಚೆನ್ನಾಗಿ ಬರುತ್ತಿತ್ತು. ಆಕಾಶದಲ್ಲಿ ಸಾಲು ಕಂಡದ್ದೇ ತಡ, ಅಮ್ಮ ತೂಬಿನ ಕಲ್ಲು ಹತ್ತಿ, "ಕ್ವಾಂ, ಕ್ವಾಂ, ಯಾಂಗಾ!" ಎಂದು ಕೂಗುತ್ತಿದ್ದಳು. ಕ್ವಾಂ ಅಂದರೆ ಬಾ. ಯಾಂಗಾ ಎಂಬ ಹೆಣ್ಣು ಬಾತು ಅಮ್ಮನ ಗೆಳತಿ. ಇಬ್ಬರೂ ಆ ಕಲ್ಲಿನ ಮೇಲೆ ಎಳೆಬಿಸಿಲು ಕಾಯಿಸುತ್ತಾ ಕೂತರೆ ಹರಟೆಗೆ ಕೊನೆಯೇ ಇಲ್ಲ. ಯಾಂಗಾ ಹಿಮದ ಕಥೆ ಹೇಳುತ್ತಿದ್ದಳು, ಅಮ್ಮ ಮಳೆಯ ಕಥೆ ಹೇಳುತ್ತಿದ್ದಳು. ಆಹಾ, ಎಂಥಾ ಬೆಳಗುಗಳವು!

"ನಾವೇನು ಹಿಮದ ಬೆಟ್ಟಕ್ಕೆ ಹೋಗ್ತೀವಾ? ನಮಗ್ಯಾಕಮ್ಮ ಅವರ ಮಾತು?" ಎಂದು ಪುಟ್ಟ ಸಿಂಗಾರಿ ಮೂತಿ ತಿರುವುತ್ತಿದ್ದಳು.

"ನಾವು ಹೋಗದಿದ್ರೇನಂತೆ? ಅವರು ನಮ್ಮನೆಗೆ ಬರ್ತಾರಲ್ಲೇ ಹುಡುಗಿ" ಎಂದು ಅಮ್ಮ ನಗುತ್ತಿದ್ದಳು.

ಒಂದು ಮಳೆಗಾಲ ಅಮ್ಮ ತೀರಿಹೋದಳು. ಆಮೇಲೆ ಬಂದ ಚಳಿಗಾಲದಲ್ಲಿ ತೂಬಿನ ಕಲ್ಲಿನ ಮೇಲೆ ಠೀವಿಯಿಂದ ಕೂತಿದ್ದವನು ಗುಳ್ಳಪ್ಪ ಎಂಬ ನರಿ! ಅಮ್ಮ, ಯಾಂಗಾ ಮಾತಾಡುವಾಗ ಈ ಮಹಾಶಯ ಹುಲ್ಲಿನಲ್ಲಿ ಅಡಗಿ ಕೂತು ಎಲ್ಲವನ್ನೂ ಕಲಿತುಬಿಟ್ಟಿದ್ದ. "ಇನ್ನು ಮೇಲೆ ನಾನೇ ದುಭಾಷಿ. ಯಾರಿಗೆ ಏನು ಹೇಳಬೇಕಾದರೂ ನನಗೆ ಹೇಳಿ" ಎಂದ. ಅದೇ ಪದ್ಧತಿಯಾಗಿಹೋಯಿತು. ಕೆರೆಯ ಏರಿಯ ಈ ಕಡೆ ಕಾಡಿನವರು, ಆ ಕಡೆ ಬಾತುಗಳು, ನಡುವೆ ಗುಳ್ಳಪ್ಪ. ಒಬ್ಬರು ಇನ್ನೊಬ್ಬರ ಮುಖ ನೋಡುವುದೂ ನಿಂತುಹೋಯಿತು.

"ಯಾಂಗಾ ನನ್ನನ್ನು ಕೇಳಿದಳಾ?" ಎಂದು ಸಿಂಗಾರಿ ಆಸೆಯಿಂದ ವಿಚಾರಿಸಿದ್ದಳು.

"ಅಯ್ಯೋ, ಅಮ್ಮನ ಕಾಲಕ್ಕೇ ಮುಗೀತು, ಮಗಳ ಹಂಗೇನು ಅಂದಳಮ್ಮ" ಎಂದು ನರಿ ಲೊಚಗುಟ್ಟಿದ್ದ. ಸಿಂಗಾರಿ ಮತ್ತೆ ಆ ಮಾತು ಎತ್ತಲಿಲ್ಲ.

ಹೀಗೆ ಕೆಲವು ಚಳಿಗಾಲ ಕಳೆದವು. ಈ ಸಲ ಗುಳ್ಳಪ್ಪ ಹೊಸ ಸುದ್ದಿ ತಂದ. "ಬಾತುಗಳಿಗೆ ನಿನ್ನ ಜೊಂಡು ಬೇಕಂತೆ. ಹುಣ್ಣಿಮೆಯೊಳಗೆ ಖಾಲಿ ಮಾಡಬೇಕಂತೆ. ಇಲ್ಲಾಂದ್ರೆ ಮರಿಗಳನ್ನು ತುಳಿದುಹಾಕ್ತಾರಂತೆ. ಪಾಪ, ನನ್ನ ಗುಹೆ ಹತ್ತಿರ ಲಂಟಾನ ಪೊದೆ ಇದೆ, ಅಲ್ಲಿರಿ. ನಾನು ಕಾಯ್ತೀನಿ."

ಸಿಂಗಾರಿಯ ಜೀವ ಬಾಯಿಗೆ ಬಂತು. ಅಮ್ಮ ತನ್ನನ್ನು ಸಾಕಿದ ಮನೆ ಬಿಡುವುದೇ? ಮರಿಗಳನ್ನು ನರಿಯ ಮನೆ ಮುಂದೆ ಮಲಗಿಸುವುದೇ? ಬಾತುಗಳನ್ನೇ ಕೇಳಿಬಿಡೋಣವೆಂದರೆ ಮಾತು ಬರಬೇಕಲ್ಲ! ಎಲ್ಲಿಂದ ಶುರು ಮಾಡುವುದು? ಯೋಚಿಸಿ ಯೋಚಿಸಿ ಅವಳಿಗೆ ಅಮ್ಮನ ಕೂಗು ನೆನಪಾಯಿತು. ಕ್ವಾಂ ಅಂದರೆ ಬಾ. ಲೂಂ ಅಂದರೆ ನೀರು. "ಇರೋದೇ ಇಷ್ಟು. ಇದರಿಂದಲೇ ಶುರು ಮಾಡ್ತೀನಿ" ಎಂದುಕೊಂಡಳು.

ಮರುದಿನ ಬಾತುಗಳು ಹುಲ್ಲು ಮೇಯುವ ಕಡೆ ಹೋಗಿ, ನೀರು ತೋರಿಸಿ "ಲೂಂ" ಎಂದಳು. ಎಳೆಯ ಬಾತುಗಳು ಕಿಸಕ್ಕೆಂದವು. ಅವಳು ಹೇಳಿದ ರಾಗ ಹಾಗಿತ್ತು! ಆದರೆ ನಕ್ಕವರೇ ಸರಿಯಾಗಿ ಹೇಳಿಯೂ ಕೊಟ್ಟರು. ಹುಲ್ಲು ತೋರಿಸಿದಳು, ಅದಕ್ಕೊಂದು ಮಾತು ಸಿಕ್ಕಿತು. ಪೊದೆ ತೋರಿಸಿದಳು, ಇನ್ನೊಂದು ಸಿಕ್ಕಿತು. ದಿನವೂ ಹೋದಳು, ದಿನವೂ ತಪ್ಪಿದಳು. ಮರಿಗಳಿಗೆ ಹುಳ ಹೆಕ್ಕಿ ಕೊಡುವಾಗ ಅವೇ ಮಾತುಗಳನ್ನು ಗುನುಗಿದಳು. ಬೇಕು, ಬೇಡ, ಮನೆ, ಅಮ್ಮ, ಎಲ್ಲ ಬಾಯಿಗೆ ಹತ್ತಿದವು. ದೂರದಿಂದ ಕಂಡ ಗುಳ್ಳಪ್ಪ, "ಈ ವಯಸ್ಸಲ್ಲಿ ಇವಳಿಗೆ ಇದೊಂದು ಕೇಡು" ಎಂದು ಆಕಳಿಸಿದ.

ಹುಣ್ಣಿಮೆಯ ಬೆಳಗ್ಗೆ ಎಲ್ಲರೂ ಸೇರಿದರು. ಗುಳ್ಳಪ್ಪ ಕಲ್ಲು ಹತ್ತಿ, ಕಾಡಿನವರಿಗೆ "ಜೊಂಡು ಖಾಲಿ ಮಾಡಬೇಕಂತೆ!" ಎಂದು ಸಾರಿದ. ಆಮೇಲೆ ಬಾತುಗಳ ಕಡೆ ತಿರುಗಿ ಅವರ ಮಾತಿನಲ್ಲಿ ಹೇಳಿದ: "ಇವರಿಗೆ ನೀವು ಬೇಡವಂತೆ. ನಡುನೀರಲ್ಲಿ ಮಲಗಬೇಡಿ. ನನ್ನ ಮನೆ ಹತ್ತಿರದ ಪೊದೆಗೆ ಬನ್ನಿ."

ಸಿಂಗಾರಿಗೆ ಎಲ್ಲ ತಿಳಿಯಲಿಲ್ಲ. ಬೇಡ ತಿಳಿಯಿತು, ನೀರು ತಿಳಿಯಿತು, ಪೊದೆ ತಿಳಿಯಿತು. ಅಷ್ಟು ಸಾಕಾಯಿತು. ಕಳ್ಳ ಎರಡು ಕಡೆಯವರನ್ನೂ ಒಂದೇ ಪೊದೆಗೆ ಕರೆಯುತ್ತಿದ್ದಾನೆ! ಅವಳು ಏರಿ ದಾಟಿ ಬಾತುಗಳ ಮುಂದೆ ನಿಂತು, ಅವರದೇ ಮಾತಿನಲ್ಲಿ ತೊದಲಿದಳು: "ಬೇಡ, ನಾವು ಹೇಳು ಇಲ್ಲ. ನೀರು ನಿಮ್ಮ, ನೀರು ನಮ್ಮ. ಜೊಂಡು ನನ್ನ ಮನೆ. ಜೊಂಡು ನಿಮ್ಮ ಬೇಕು, ನರಿ ಹೇಳು. ಪೊದೆ, ನರಿ ತಿನ್ನು!"

ಗುಳ್ಳಪ್ಪ ಎಗರಾಡಿದ. "ಕೇಳಬೇಡಿ! ಇವಳಿಗೆ ಭಾಷೆಯೇ ಬರೋದಿಲ್ಲ. ಒಂದು ಮಾತಾದರೂ ನೆಟ್ಟಗಿದೆಯಾ?"

ಹಿಂಡಿನ ಹಿಂದಿನಿಂದ ಮುದಿ ಯಾಂಗಾ ಕುಂಟುತ್ತಾ ಬಂದಳು. "ನೆಟ್ಟಗಿಲ್ಲ. ಆದರೆ ನಮಗೆ ಅರ್ಥವಾಯಿತು. ಜೊಂಡು ನಾವು ಯಾವತ್ತು ಕೇಳಿದ್ದೆವೋ?" ಎಂದಳು.

ಅಷ್ಟೇ! ಬಾತುಗಳ ಹಿಂಡಿಗೆ ಹಿಂಡೇ ಎದ್ದು ರೆಕ್ಕೆಯಿಂದ ಬಾರಿಸಿದವು. ಸಿಂಗಾರಿ ನರಿಯ ಮೋಸವನ್ನು ಕೂಗಿ ಹೇಳಿದಾಗ ಕಾಡಿನವರೂ ಅಟ್ಟಿಸಿಕೊಂಡು ಬಂದರು. ದುಭಾಷಿ ಕಲ್ಲಿನಿಂದ ಜಾರಿ ಕೆಸರಿಗೆ ಬಿದ್ದ. ಬಾಲ ಮುದುರಿಕೊಂಡು ಓಡಿದವನು ಮತ್ತೆ ಆ ಕೆರೆಯ ಕಡೆ ತಲೆ ಹಾಕಲಿಲ್ಲ.

ಗದ್ದಲ ಅಡಗಿದ ಮೇಲೆ ಯಾಂಗಾ ಸಿಂಗಾರಿಯ ಹತ್ತಿರ ಬಂದಳು. ಅವಳಿಗೆ ತಿಳಿಯಲೆಂದು ನಿಧಾನವಾಗಿ, ಬಿಡಿಬಿಡಿಯಾಗಿ ಕೇಳಿದಳು: "ನಿನ್ನ ಅಮ್ಮ. ನನ್ನ ಮೇಲೆ. ಕೋಪ. ಯಾಕೆ? ನನ್ನ ಮುಖ ನೋಡೋದಿಲ್ಲ ಅಂದಳು ಅಂತ ನರಿ ಹೇಳಿದ."

ಸಿಂಗಾರಿ ಕಲಿತದ್ದೇ ಬೆರಳೆಣಿಕೆಯ ಮಾತು. ಅದರಲ್ಲೇ ಹುಡುಕಿ ಹುಡುಕಿ ಜೋಡಿಸಿದಳು.

"ಅಮ್ಮ ಕೋಪ ಇಲ್ಲ. ಅಮ್ಮ... ಇಲ್ಲ. ಯಾಂಗಾ ಕ್ವಾಂ, ಯಾಂಗಾ ಕ್ವಾಂ, ಹೇಳಿ ಹೇಳಿ ಹೋಯಿತು."

ಯಾಂಗಾ ತನ್ನ ಉದ್ದನೆಯ ಕತ್ತನ್ನು ಸಿಂಗಾರಿಯ ಬೆನ್ನ ಮೇಲೆ ಚಾಚಿ ಅತ್ತಳು. ಸಿಂಗಾರಿಯೂ ಅತ್ತಳು. ಆಮೇಲೆ ಇಬ್ಬರೂ ತೂಬಿನ ಕಲ್ಲು ಹತ್ತಿ, ಎಳೆಬಿಸಿಲಿಗೆ ಮೈಯೊಡ್ಡಿ ಕೂತರು. ಕೆಳಗೆ ಜೊಂಡಿನಿಂದ ಮರಿಗಳು ಇಣುಕಿ, ಒಂದಾದ ಮೇಲೊಂದು, "ಕ್ವಾಂ, ಕ್ವಾಂ" ಎಂದು ಕೂಗಿದವು.

ನೀತಿ: ಇನ್ನೊಬ್ಬರ ಭಾಷೆಯ ನಾಲ್ಕು ಮಾತನ್ನಾದರೂ ನಾವೇ ಕಲಿಯಬೇಕು, ಗೊತ್ತಿರುವ ಒಂದು ಮಾತಿನಿಂದ ಶುರು ಮಾಡಿ, ತಪ್ಪಿದರೂ ನಾಚದೆ ಆಡಿದರೆ, ಮೋಸಗಾರ ದೂರವಾಗುತ್ತಾನೆ, ಗೆಳೆಯರು ಹತ್ತಿರವಾಗುತ್ತಾರೆ.